ಕೆಟ್ಟ ತಿರುಪಿನ ಜೀರ್ಣೋದ್ಧಾರ

ಗೃಹಕೃತ್ಯದಲ್ಲಿ ನಾವು ದಿನವೂ ನೋಡಿಯೂ ನೋಡದಂತೆ ಬಿಡುವ ವಸ್ತುಗಳಲ್ಲಿ ಬೋಲ್ಟು ನಟ್ಟುಗಳಿಗೆ ಮೊದಲನೆಯ ಸ್ಥಾನವೆಂದರೆ ತಪ್ಪಾಗಲಾರದು. ಮಲಗುವ ಕೋಣೆಯಲ್ಲಿ ತಲೆಯ ಮೇಲೆ ತಿರುಗುವ ಫ್ಯಾನನ್ನು ಹಿಡಿದಿರುವುದು ಒಂದು ಬೋಲ್ಟು. ನಡುಮನೆಯ ತೂಗುಮಣೆಯನ್ನು ತೊಲೆಗೆ ಬಂಧಿಸಿರುವುದು ಬೋಲ್ಟು. ತೋಟಕ್ಕೆ ನೀರೆತ್ತುವ ಪಂಪನ್ನು ಕಟ್ಟೆಯ ಮೇಲೆ ಅಲುಗದಂತೆ ನಿಲ್ಲಿಸಿರುವುದೂ ಬೋಲ್ಟುಗಳೇ. ಅವು ತಮ್ಮ ಕಾರ್ಯವನ್ನು ಸದ್ದಿಲ್ಲದೆ ನಡೆಯಿಸುತ್ತಿರುವವರೆಗೆ ನಮ್ಮ ಗಮನಕ್ಕೆ ಬಾರವು. ಎಂದಾದರೊಂದು ದಿನ ಬಿಚ್ಚಿ ಮರಳಿ ಹಾಕುವಾಗ, ನಟ್ಟು ಎರಡು ಸುತ್ತು ಹೋಗಿ ಅಲ್ಲಿಯೇ ಹಟ ಹಿಡಿದು ನಿಂತಿತೆಂದರೆ, ಆಗ ಮನೆಯವರಿಗೆಲ್ಲ ಅದರ ನೆನಪಾಗುತ್ತದೆ. ಬಲವಂತದಿಂದ ತಿರುಗಿಸಿದರೆ ಉಳಿದ ಸುತ್ತುಗಳೂ ಕೆಡುತ್ತವೆ. ಹೋದಷ್ಟೇ ಸಾಕೆಂದು ಅರ್ಧಕ್ಕೆ ಬಿಟ್ಟರೆ ಕೆಳಗೆ ಕುಳಿತವರ ಪ್ರಾಣಕ್ಕೆ ಅಪಾಯ.

ಇಂತಹುದೇ ಒಂದು ಪ್ರಶ್ನೆಯನ್ನು ಮಲೆನಾಡಿನ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ. ಮಳೆಗಾಲಕ್ಕೆ ಮೊದಲು ತೂಗುಮಣೆಯನ್ನು ಬಿಚ್ಚಿ ಬಣ್ಣ ಬಳಿಸಿದರಂತೆ. ಮತ್ತೆ ತೂಗುಹಾಕುವಾಗ ಒಂದು ಬೋಲ್ಟಿಗೆ ನಟ್ಟು ಏರಲಿಲ್ಲವಂತೆ. “ಡೈ ಹಾಕಿ ಸರಿಮಾಡಿಕೊಡುತ್ತೇನೆ” ಎಂದು ಒಬ್ಬ ಮೇಸ್ತ್ರಿ, “ಹೊಸದನ್ನೇ ತನ್ನಿ” ಎಂದು ಇನ್ನೊಬ್ಬ. ಯಾರ ಮಾತನ್ನು ಕೇಳಬೇಕು? ಈ ಪ್ರಶ್ನೆಗೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಆ ಮನೆಯ ಮಟ್ಟಿಗೆ ಉಪಕಾರವಾದೀತು. ಉತ್ತರದ ಕಾರಣವನ್ನು ತಿಳಿದರೆ ಎಲ್ಲ ಮನೆಗಳಿಗೂ ಉಪಕಾರವಾಗುತ್ತದೆ. ಆದಕಾರಣ ಉಕ್ಕಿನ ಬೋಲ್ಟಿನ ಮೇಲೆ ತಿರುಪನ್ನು ಕೊರೆಯುವ ಉಪಕರಣಗಳಾವುವು, ಕೆಟ್ಟುದನ್ನು ಸರಿಪಡಿಸುವ ಕ್ರಮವೇನು, ಸರಿಪಡಿಸಬಾರದ ಬೋಲ್ಟು ಯಾವುದು ಎಂಬ ಮೂರು ವಿಷಯಗಳನ್ನು ಈ ತಿಂಗಳು ವಿಚಾರಮಾಡೋಣ.

ತಿರುಪಿನ ಸ್ವರೂಪ

ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದು ಸಣ್ಣ ಪ್ರಯೋಗವನ್ನು ಮಾಡಿ ತೋರಿಸಬಹುದು. ಕಾಗದದಿಂದ ಒಂದು ಲಂಬಕೋನ ತ್ರಿಭುಜವನ್ನು ಕತ್ತರಿಸಿ, ಅದರ ಓರೆಯಾದ ಅಂಚಿಗೆ ಮಸಿಯಿಂದ ಗೆರೆ ಎಳೆಯಿರಿ. ಅದರ ನೆಟ್ಟಗಿನ ಅಂಚನ್ನು ಪೆನ್ಸಿಲಿಗೆ ಒತ್ತಿ ಹಿಡಿದು ಕಾಗದವನ್ನು ಸುತ್ತುತ್ತಾ ಬಂದರೆ, ಮಸಿಯ ಗೆರೆಯು ಪೆನ್ಸಿಲಿನ ಮೈಮೇಲೆ ಸುತ್ತುಸುತ್ತಾಗಿ ಏರುವುದು ಕಾಣುತ್ತದೆ. ತಿರುಪು ಎಂದರೆ ಇಷ್ಟೇ: ಕಂಬಕ್ಕೆ ಸುತ್ತಿದ ಇಳಿಜಾರು. ಗುಡ್ಡವನ್ನು ನೆಟ್ಟಗೆ ಏರಲಾರದ ಗಾಡಿಯು ಬಳಸುದಾರಿಯಲ್ಲಿ ಸುಲಭವಾಗಿ ಏರುವಂತೆ, ನಟ್ಟೂ ಬೋಲ್ಟಿನ ಸುತ್ತ ಬಳಸಿ ಏರುತ್ತದೆ.

ಸುತ್ತಿನ ಎತ್ತರವಾದ ಭಾಗವನ್ನು ಏಣು ಎಂದೂ, ತಗ್ಗಾದ ಭಾಗವನ್ನು ಕುಳಿ ಎಂದೂ ಕರೆಯೋಣ. ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರಕ್ಕೆ ಕಾರ್ಖಾನೆಗಳಲ್ಲಿ ಪಿಚ್ಚು ಎಂದು ಹೆಸರು. ಈಗ ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಎಂ 10 ಎಂಬ ಬೋಲ್ಟಿನ ಹೊರವ್ಯಾಸ 10 ಮಿಲಿಮೀಟರು, ಪಿಚ್ಚು 1.5 ಮಿಲಿಮೀಟರು. ಎಂ 8ಕ್ಕೆ ಪಿಚ್ಚು 1.25, ಎಂ 12ಕ್ಕೆ 1.75.

ಈ ಅಳತೆಗಳಲ್ಲಿ ಎರಡು ಗುಣಗಳು ಅಡಗಿವೆ. ಮೊದಲನೆಯದು ಬಲವೃದ್ಧಿ. 150 ಮಿಲಿಮೀಟರು ಉದ್ದದ ಸ್ಪ್ಯಾನರಿನ ತುದಿಯನ್ನು ಹಿಡಿದು ಒಂದು ಪೂರ್ಣ ಸುತ್ತು ತಿರುಗಿಸಿದರೆ ನಮ್ಮ ಕೈ ಸುಮಾರು 940 ಮಿಲಿಮೀಟರು ಚಲಿಸುತ್ತದೆ. ನಟ್ಟು ಮುಂದೆ ಹೋಗುವುದು 1.5 ಮಿಲಿಮೀಟರು ಮಾತ್ರ. ದೂರದಲ್ಲಿ ಕಳೆದುಕೊಂಡುದು ಬಲದಲ್ಲಿ ಬರುತ್ತದೆ. ಘರ್ಷಣೆಯು ಅದರ ಬಹುಭಾಗವನ್ನು ನುಂಗಿಹಾಕಿದರೂ, ಮಿಕ್ಕ ಬಲವೇ ಎರಡು ಕಬ್ಬಿಣದ ಪಟ್ಟಿಗಳನ್ನು ಒಂದಾಗಿಸಲು ಸಾಕು. ಎರಡನೆಯದು ಸ್ಥಿರತೆ. ಎಂ 10 ಬೋಲ್ಟಿನ ಸುತ್ತಿನ ಇಳಿಜಾರು ಸುಮಾರು 3 ಡಿಗ್ರಿ. ಉಕ್ಕಿನ ಮೇಲೆ ಉಕ್ಕು ತಾನಾಗಿ ಜಾರಬೇಕಾದರೆ ಇದರ ಎರಡು ಮೂರರಷ್ಟು ಇಳಿಜಾರು ಬೇಕು. ಆದುದರಿಂದಲೇ ಬಿಗಿದ ನಟ್ಟು ಭಾರ ಎಷ್ಟೇ ಎಳೆದರೂ ತಾನಾಗಿ ಹಿಂದಿರುಗದು; ಬಿಡದೆ ನಡುಗಿಸುವ ಅಲುಗಾಟವಿದ್ದರೆ ಮಾತ್ರ ಮೆಲ್ಲಮೆಲ್ಲನೆ ಸಡಿಲುತ್ತದೆ.

ಈ ಮಹತ್ಕಾರ್ಯವೆಲ್ಲ ನಡೆಯುವುದು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಎತ್ತರದ ಏಣುಗಳ ಮೇಲೆ ಎಂಬುದನ್ನು ಮರೆಯಬಾರದು. ಎಂ 10ರ ಏಣಿನ ಎತ್ತರ ಸುಮಾರು 0.9 ಮಿಲಿಮೀಟರು. ನಟ್ಟಿನೊಳಗೆ ಆರು ಸುತ್ತುಗಳಿದ್ದರೂ ಅವು ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ನಟ್ಟು ಪಟ್ಟಿಗೆ ತಾಗುವ ಕಡೆಯ ಮೊದಲನೆಯ ಸುತ್ತೊಂದೇ ಸುಮಾರು ಮೂರರಲ್ಲೊಂದು ಭಾಗವನ್ನು ಹೊರುತ್ತದೆ. ಮುಂದಿನವು ಕ್ರಮವಾಗಿ ಕಡಿಮೆ. ಕೂಡುಕುಟುಂಬದಲ್ಲಿ ಹಿರಿಯ ಮಗನಿಗೆ ಬೀಳುವ ಹೊರೆಯಂತೆಯೇ ಇದೂ. ಆದ್ದರಿಂದ ಬೋಲ್ಟಿನ ಸುತ್ತುಗಳು ಕೆಟ್ಟಿವೆ ಎಂದಾಗ ಎಷ್ಟು ಕೆಟ್ಟಿವೆ ಎಂಬುದಕ್ಕಿಂತ ಎಲ್ಲಿ ಕೆಟ್ಟಿವೆ ಎಂಬುದು ಮುಖ್ಯವಾದ ಪ್ರಶ್ನೆ.

ಒಂದು ನಟ್ಟು ಇನ್ನೊಂದು ಬೋಲ್ಟಿಗೆ ಕೂಡಿದ ಕಥೆ

ತಿರುಪು ಹಳೆಯ ವಸ್ತು. ಅಲೆಗ್ಸಾಂಡ್ರಿಯಾ ನಗರದ ಹೀರೋ ಎಂಬ ಪಂಡಿತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಮರದ ತುಂಡಿನ ಒಳಗೆ ತಿರುಪನ್ನು ಕೊರೆಯುವ ಸಾಧನವನ್ನು ವರ್ಣಿಸಿದ್ದಾನೆ. ಆದರೆ ಒಂದು ಕಡೆ ಮಾಡಿದ ನಟ್ಟು ಇನ್ನೊಂದು ಕಡೆ ಮಾಡಿದ ಬೋಲ್ಟಿಗೆ ಕೂಡಬೇಕು ಎಂಬ ವಿಚಾರ ತೀರ ಈಚಿನದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಒಂದೊಂದರ ತಿರುಪು ಒಂದೊಂದು ಬಗೆ. ಯಂತ್ರವನ್ನು ಬಿಚ್ಚುವಾಗ ಯಾವ ನಟ್ಟು ಯಾವ ಬೋಲ್ಟಿನದೆಂದು ಗುರುತು ಹಾಕಿಕೊಳ್ಳದಿದ್ದರೆ ಮರಳಿ ಜೋಡಿಸುವುದು ದುಸ್ಸಾಧ್ಯವಾಗುತ್ತಿತ್ತು. ಹೆನ್ರಿ ಮಾಡ್ಸ್ಲೆ ಎಂಬ ಕುಶಲನು 1800ರ ಸುಮಾರಿಗೆ ತಿರುಪನ್ನು ಕರಾರುವಾಕ್ಕಾಗಿ ಕೊರೆಯುವ ಲೇತನ್ನು ಸಿದ್ಧಪಡಿಸಿ ಈ ಅವ್ಯವಸ್ಥೆಗೆ ಮೊದಲ ಪರಿಹಾರವನ್ನು ತೋರಿಸಿದನು. ಅವನ ಕಾರ್ಖಾನೆಯಲ್ಲಿ ಕೆಲಸಮಾಡಿದ ಜೋಸೆಫ್ ವಿಟ್‌ವರ್ತ್ ಎಂಬವನು ಅನೇಕ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯನ್ನು ಹಿಡಿದು, 1841ರಲ್ಲಿ ಒಂದು ಏಕರೂಪದ ಪದ್ಧತಿಯನ್ನು ಸೂಚಿಸಿದನು. ಅದರಲ್ಲಿ ಏಣಿನ ಎರಡು ಪಕ್ಕಗಳ ನಡುವಣ ಕೋನ 55 ಡಿಗ್ರಿ; ಏಣೂ ಕುಳಿಯೂ ಗುಂಡಗೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಿಲಿಯಂ ಸೆಲರ್ಸ್ ಎಂಬವನು 1864ರಲ್ಲಿ ಬೇರೊಂದು ಪದ್ಧತಿಯನ್ನು ಮುಂದಿಟ್ಟನು. ಅದರ ಕೋನ 60 ಡಿಗ್ರಿ. ಏಣಿನ ತುದಿ ಚಪ್ಪಟೆ. ಸಮಬಾಹು ತ್ರಿಭುಜದ ಕೋನವಾದುದರಿಂದ ಅದನ್ನು ಮಾಡುವುದೂ ಪರೀಕ್ಷಿಸುವುದೂ ಸುಲಭವಾಗಿತ್ತು.

ಪದ್ಧತಿಗಳು ಎರಡಾದರೆ ಬರುವ ಕಷ್ಟವನ್ನು ಲೋಕವು ದುಬಾರಿಯಾದ ಪಾಠದಿಂದ ಕಲಿತಿತು. 1904ನೆಯ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಾಗ ವಾಷಿಂಗ್‌ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕುಗಳಿಂದ ಬೆಂಕಿ ಆರಿಸುವ ದಳಗಳು ಧಾವಿಸಿ ಬಂದವು. ಬಂದರೇನು? ಹೊರಗಿನಿಂದ ಬಂದ ಹಲವು ದಳಗಳ ಕೊಳವೆಗಳ ತಿರುಪು ಆ ಊರಿನ ನೀರಿನ ಕಂಬಗಳ ತಿರುಪಿಗೆ ಕೂಡಲಿಲ್ಲ. ನೀರೂ ಇತ್ತು, ಕೊಳವೆಯೂ ಇತ್ತು, ಜನರೂ ಇದ್ದರು; ಸುತ್ತುಗಳ ಭೇದದಿಂದ ಅವರು ಕೈಕಟ್ಟಿದಂತಾದರು. 1,500ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದುವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಯಂತ್ರಭಾಗಗಳು ಒಂದಕ್ಕೊಂದು ಕೂಡದೆ ಮಿತ್ರರಾಷ್ಟ್ರಗಳಿಗೆ ತೊಂದರೆಯಾದ ಮೇಲೆ, 1948ನೆಯ ನವೆಂಬರಿನಲ್ಲಿ ಆ ಎರಡು ದೇಶಗಳೂ ಕೆನಡವೂ 60 ಡಿಗ್ರಿಯ ಒಂದೇ ಪದ್ಧತಿಗೆ ಒಪ್ಪಿ ಸಹಿ ಹಾಕಿದುವು. 1947ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಸಮಿತಿಗಳಲ್ಲಿ ಒಂದನೆಯ ನಂಬರಿನ ಸಮಿತಿಯು ತಿರುಪುಗಳದೇ ಎಂಬುದು ಗಮನಾರ್ಹವಾದ ಸಂಗತಿ.

ನಮ್ಮ ದೇಶದಲ್ಲಿ 1956ರಲ್ಲಿ ಮೆಟ್ರಿಕ್ ಮಾನದ ಶಾಸನವಾಯಿತು. ಭಾರತೀಯ ಮಾನಕಗಳಲ್ಲಿ 4218ನೆಯ ಸಂಖ್ಯೆಯದು ಮೆಟ್ರಿಕ್ ತಿರುಪುಗಳಿಗೆ ಸಂಬಂಧಪಟ್ಟದ್ದು. ಆದರೂ ಹಳೆಯದು ಪೂರ್ತಿಯಾಗಿ ಹೋಗಿಲ್ಲ. ಹಿಂದೆ ಇಂಗ್ಲೆಂಡಿನಿಂದ ಬಂದ ಎಣ್ಣೆಯ ಎಂಜಿನುಗಳಲ್ಲಿಯೂ ಮುದಿಯಾದ ಗಿರಣಿಗಳಲ್ಲಿಯೂ ವಿಟ್‌ವರ್ತನ ಅಂಗುಲದ ತಿರುಪು ಇನ್ನೂ ಉಂಟು. ಅಷ್ಟೇಕೆ, ನಮ್ಮ ಬಚ್ಚಲುಮನೆಯ ನಲ್ಲಿಯ ತಿರುಪು ಇಂದಿಗೂ ಅವನ 55 ಡಿಗ್ರಿಯದೇ. ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ ಕಾರಣ ಮುಂದೆ ತಿಳಿಯುತ್ತದೆ.

ಉಪಕರಣಗಳು

ಬೋಲ್ಟಿನ ಹೊರಮೈಯಲ್ಲಿ ಸುತ್ತು ಕೊರೆಯುವ ಸಾಧನಕ್ಕೆ ಡೈ ಎಂದು ಹೆಸರು. ಅದು ಗಡಸಾದ ಉಕ್ಕಿನ ದುಂಡು ಬಿಲ್ಲೆ. ನಡುವೆ ತಿರುಪುಳ್ಳ ರಂಧ್ರ. ಆ ರಂಧ್ರದ ಸುತ್ತ ಮೂರು ನಾಲ್ಕು ಗುಂಡುಕಿಂಡಿಗಳು. ಕಿಂಡಿಗಳ ಅಂಚೇ ಉಳಿಯ ಬಾಯಿಯಂತೆ ಲೋಹವನ್ನು ಕತ್ತರಿಸುತ್ತದೆ. ಕತ್ತರಿಸಿದ ಚೂರು ಆ ಕಿಂಡಿಗಳಲ್ಲಿಯೇ ಹೊರಬೀಳುತ್ತದೆ. ಬಿಲ್ಲೆಯ ಒಂದು ಪಕ್ಕವು ಸೀಳಿರುವುದೂ ಉಂಟು. ಸೀಳಿದ ಜಾಗದ ಸಣ್ಣ ತಿರುಪನ್ನು ಬಿಗಿದು ಸಡಿಲಿಸಿ ರಂಧ್ರವನ್ನು ಕೂದಲೆಳೆಯಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಬಿಲ್ಲೆಯನ್ನು ಎರಡು ಹಿಡಿಗಳುಳ್ಳ ಚೌಕಟ್ಟಿನಲ್ಲಿ ಕೂರಿಸಿ ಎರಡು ಕೈಗಳಿಂದಲೂ ತಿರುಗಿಸುತ್ತಾರೆ.

ಡೈನಟ್ಟು ಎಂಬುದು ಇದರ ದಾಯಾದಿ. ನಟ್ಟಿನಂತೆ ಆರು ಮುಖ, ಸೀಳು ಇಲ್ಲ, ಸ್ಪ್ಯಾನರಿನಿಂದಲೇ ತಿರುಗಿಸಬಹುದು. ಇದು ಹೊಸ ಸುತ್ತನ್ನು ಹುಟ್ಟಿಸುವುದಕ್ಕಲ್ಲ, ಇದ್ದ ಸುತ್ತನ್ನು ತಿದ್ದುವುದಕ್ಕೆ. ಯಂತ್ರದಲ್ಲಿ ನೆಟ್ಟಿರುವ ಬೋಲ್ಟನ್ನು ಕೀಳದೆ ಅಲ್ಲಿಯೇ ಸರಿಪಡಿಸಲು ಇದು ಬಲು ಅನುಕೂಲ. ಅಂಗಡಿಯಲ್ಲಿ ಡೈ ಕೇಳಿದರೆ ಕೆಲವೊಮ್ಮೆ ಡೈನಟ್ಟನ್ನೇ ಕೊಟ್ಟುಬಿಡುವರು; ಕೊಳ್ಳುವಾಗ ಭೇದವನ್ನು ನೋಡಿಕೊಳ್ಳತಕ್ಕದ್ದು.

ಮೂರನೆಯದು ತಿರುಪಿನ ಅರ. ಇದು ಚೌಕಾಕಾರದ ಸಲಾಕೆ. ಒಂದೊಂದು ತುದಿಯ ನಾಲ್ಕು ಮುಖಗಳಲ್ಲಿ ನಾಲ್ಕು ಪಿಚ್ಚುಗಳ ಹಲ್ಲು, ಒಟ್ಟು ಎಂಟು ಬಗೆ. ಇದರ ಗುಣವೇನೆಂದರೆ, ಪಿಚ್ಚು ಹೊಂದಿದರೆ ಸಾಕು, ಬೋಲ್ಟಿನ ವ್ಯಾಸ ಎಷ್ಟೇ ಇರಲಿ, ಸುತ್ತು ಬಲಮುರಿಯಾಗಲಿ ಎಡಮುರಿಯಾಗಲಿ, ಕೆಲಸಕ್ಕೆ ಬರುತ್ತದೆ. ಸೈಕಲ್ಲಿನ ಎಡಪೆಡಲಿನ ತಿರುಪು ಎಡಮುರಿ ಎಂಬುದು ಸೈಕಲ್ ರಿಪೇರಿಯವರಿಗೆಲ್ಲ ಗೊತ್ತು. ಅಂತಹದಕ್ಕೆ ಎಡಮುರಿಯ ಡೈ ಹುಡುಕುವುದಕ್ಕಿಂತ ಈ ಅರವೇ ಸುಲಭ. ಬೆಲೆಯೂ ಡೈಗಳ ಪೆಟ್ಟಿಗೆಗಿಂತ ಬಹಳ ಕಡಿಮೆ.

ನಟ್ಟಿನ ಅಥವಾ ರಂಧ್ರದ ಒಳಮೈಗೆ ಬೇಕಾದುದು ಟ್ಯಾಪು. ಸಾಮಾನ್ಯವಾಗಿ ಮೂರರ ಜೊತೆಯಾಗಿ ಬರುತ್ತದೆ: ತುದಿಯು ಬಹಳ ಮೊನಚಾದುದು ಮೊದಲನೆಯದು, ಮೊನಚು ಕಡಿಮೆಯಾದುದು ಎರಡನೆಯದು, ತಳದವರೆಗೂ ಕೊರೆಯುವುದು ಮೂರನೆಯದು. ರಂಧ್ರದ ಅಳತೆಗೆ ಸುಲಭವಾದ ಸೂತ್ರ ಒಂದುಂಟು: ವ್ಯಾಸದಿಂದ ಪಿಚ್ಚನ್ನು ಕಳೆಯಿರಿ. ಎಂ 10ಕ್ಕೆ 10ರಲ್ಲಿ 1.5 ಕಳೆದರೆ 8.5 ಮಿಲಿಮೀಟರಿನ ರಂಧ್ರ. ಟ್ಯಾಪು ಬಹು ಗಡಸು, ಗಡಸಾದುದರಿಂದಲೇ ಪೆಡಸು. ಓರೆಯಾಗಿ ಒತ್ತಿದರೆ ರಂಧ್ರದೊಳಗೇ ಮುರಿದು, ಮೊದಲಿನ ಕಷ್ಟಕ್ಕಿಂತ ಹತ್ತುಪಾಲು ಹೆಚ್ಚಿನ ಕಷ್ಟವನ್ನು ತರುತ್ತದೆ.

ಇವೆಲ್ಲಕ್ಕೂ ಮೊದಲು ಕೈಯಲ್ಲಿರಬೇಕಾದುದು ಪಿಚ್ಚನ್ನು ಅಳೆಯುವ ಗೇಜು. ಚಾಕುವಿನ ಅಲಗುಗಳಂತೆ ಮಡಿಸಿಟ್ಟ ತೆಳ್ಳನೆಯ ತಗಡುಗಳು. ಒಂದೊಂದರ ಅಂಚಿನಲ್ಲಿ ಒಂದೊಂದು ಅಳತೆಯ ಹಲ್ಲು. ಬೆಳಕಿಗೆ ಹಿಡಿದು ಬೋಲ್ಟಿನ ಮೇಲೆ ಇಟ್ಟಾಗ ಸಂದಿನಲ್ಲಿ ಬೆಳಕು ಕಾಣದಿದ್ದರೆ ಅದೇ ಅದರ ಪಿಚ್ಚು. ಗೇಜಿಲ್ಲದವರು ಅಡಿಕೋಲಿನಿಂದ ಹತ್ತು ಪಿಚ್ಚುಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಬಹುದು. ಅಳೆಯುವಾಗ ಎಣಿಸತಕ್ಕದ್ದು ಸಂದುಗಳನ್ನೇ ಹೊರತು ಏಣುಗಳನ್ನಲ್ಲ.

ಹೊಸ ಸುತ್ತು ಕೊರೆಯುವ ಕ್ರಮ

ಎಂ 10 ಸುತ್ತು ಕೊರೆಯಬೇಕಾದರೆ ಸಲಾಕೆಯ ವ್ಯಾಸ 10ಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಎಂದರೆ 9.8ರಿಂದ 9.9 ಇರುವುದು ಒಳ್ಳೆಯದು. ಕೊರೆಯುವಾಗ ಲೋಹವು ಸ್ವಲ್ಪ ಉಬ್ಬುತ್ತದೆ. ಸಲಾಕೆಯ ತುದಿಯನ್ನು ಅರದಿಂದ ಸುತ್ತಲೂ ಓರೆಮಾಡಿ ಡೈಯ ಬಾಯಿಗೆ ಸುಲಭವಾಗಿ ಸೇರುವಂತೆ ಮಾಡಬೇಕು. ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ, ಡೈಯ ಯಾವ ಪಕ್ಕದಲ್ಲಿ ಬಾಯಿ ಅಗಲವಾಗಿದೆಯೋ ಆ ಪಕ್ಕವನ್ನು ಕೆಳಗೆ ಮಾಡಿ, ಮಟ್ಟವಾಗಿ ಒತ್ತಿ ತಿರುಗಿಸಬೇಕು. ಮೊದಲ ಎರಡು ಮೂರು ಸುತ್ತುಗಳಲ್ಲಿಯೇ ಕಾರ್ಯದ ಭವಿಷ್ಯ ನಿರ್ಧಾರವಾಗುತ್ತದೆ. ಅಲ್ಲಿ ಓರೆಯಾದರೆ ಕೊನೆಯವರೆಗೂ ಓರೆಯೇ. ಸುತ್ತು ಹಿಡಿದ ಮೇಲೆ ಒತ್ತುವ ಅಗತ್ಯವಿಲ್ಲ. ಡೈ ತನ್ನ ದಾರಿಯಲ್ಲಿ ತಾನೇ ಇಳಿಯುತ್ತದೆ.

ಉಕ್ಕಿಗೆ ಎಣ್ಣೆ ಬಿಡದೆ ಕೊರೆಯಕೂಡದು. ಬೀಡು ಕಬ್ಬಿಣಕ್ಕೆ ಮಾತ್ರ ಎಣ್ಣೆ ಬೇಡ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಇದೇ ನಿಯಮ. ಹಿಂದಕ್ಕೆ ತಿರುಗಿಸಿದಾಗ ಟಕ್ ಎಂದು ಕೈಗೆ ತಿಳಿಯುವ ಸಣ್ಣ ತಡೆಯು ಚೂರು ಮುರಿದುದರ ಗುರುತು. ಚೂರನ್ನು ಮುರಿಯದೆ ಒಂದೇ ಸಮನೆ ಮುಂದೊತ್ತಿದರೆ ಅದು ಕಿಂಡಿಯಲ್ಲಿ ತುಂಬಿಕೊಂಡು, ಆಗತಾನೆ ಹುಟ್ಟಿದ ಏಣುಗಳನ್ನು ಕಿತ್ತುಹಾಕುತ್ತದೆ.

ಕೆಟ್ಟುದನ್ನು ತಿದ್ದುವ ಕ್ರಮ

ವೈದ್ಯನು ಔಷಧಕ್ಕೆ ಮೊದಲು ನಿದಾನವನ್ನು ನೋಡುವಂತೆ, ಇಲ್ಲಿಯೂ ಮೊದಲು ರೋಗವನ್ನು ತಿಳಿಯಬೇಕು. ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟು ತಂತಿಯ ಬ್ರಷ್ಷಿನಿಂದ ಉಜ್ಜಿ ಒರೆಸಿರಿ. ಎಷ್ಟೋ ಬೋಲ್ಟುಗಳ ರೋಗ ಇಷ್ಟರಲ್ಲಿಯೇ ವಾಸಿಯಾಗುತ್ತದೆ. ಕೆಟ್ಟದ್ದು ಸುತ್ತಲ್ಲ, ಕುಳಿಯಲ್ಲಿ ತುಂಬಿದ ತುಕ್ಕು ಮತ್ತು ಬಣ್ಣ. ಉಳಿದವುಗಳಲ್ಲಿ ಮೂರು ವಿಧ.

ಸುತ್ತಿಗೆಯ ಪೆಟ್ಟಿನಿಂದಲೋ ಕೆಳಗೆ ಬಿದ್ದೋ ತುದಿಯ ಒಂದೆರಡು ಸುತ್ತು ಜಜ್ಜಿಹೋಗಿರುವುದು ಒಂದು. ಇದಕ್ಕೆ ತಿರುಪಿನ ಅರವೇ ಸಾಕು. ಕೆಡದ ಸುತ್ತುಗಳ ಮೇಲೆ ಅರದ ಹಲ್ಲುಗಳನ್ನು ಕೂರಿಸಿ, ಆ ದಾರಿಯಲ್ಲಿಯೇ ಜಜ್ಜಿದ ಜಾಗಕ್ಕೆ ತಳ್ಳಿದರೆ ಒಳ್ಳೆಯ ಸುತ್ತೇ ಕೆಟ್ಟ ಸುತ್ತಿಗೆ ದಾರಿ ತೋರಿಸುತ್ತದೆ.

ನಟ್ಟನ್ನು ಓರೆಯಾಗಿ ಏರಿಸಿ ಬಲಾತ್ಕಾರಮಾಡಿದುದರಿಂದ ಮೊದಲ ಕೆಲವು ಸುತ್ತುಗಳ ಏಣು ಅಡ್ಡಡ್ಡ ಸೀಳಿರುವುದು ಎರಡನೆಯದು. ಇದಕ್ಕೆ ಡೈನಟ್ಟು ಬೇಕು. ಆದರೆ ಕೆಟ್ಟ ತುದಿಯಿಂದ ಹಾಕಿದರೆ ಅದೂ ನಟ್ಟಿನ ತಪ್ಪು ದಾರಿಯನ್ನೇ ಹಿಡಿಯಬಹುದು. ಸಾಧ್ಯವಿದ್ದಲ್ಲಿ ಒಳ್ಳೆಯ ಸುತ್ತುಗಳ ಕಡೆಯಿಂದ ಹೊರಕ್ಕೆ ಬರುವುದು ಉತ್ತಮ. ಹಳೆಯ ಮೇಸ್ತ್ರಿಗಳು ಇದಕ್ಕೆ ಒಂದು ಉಪಾಯ ಮಾಡುವುದುಂಟು: ಅದೇ ಅಳತೆಯ ಒಳ್ಳೆಯ ನಟ್ಟನ್ನು ಗರಗಸದಿಂದ ಎರಡು ಹೋಳು ಮಾಡಿ, ಹೋಳುಗಳನ್ನು ಬೋಲ್ಟಿನ ಒಳ್ಳೆಯ ಭಾಗದ ಮೇಲೆ ಎದುರುಬದುರಾಗಿ ಇಟ್ಟು, ಇಕ್ಕಳದಿಂದ ಬಿಗಿಹಿಡಿದು, ಎಣ್ಣೆ ಬಿಟ್ಟು ತುದಿಯ ಕಡೆಗೆ ತಿರುಗಿಸಿಕೊಂಡು ಬರುವುದು. ಮೆತ್ತನೆಯ ಉಕ್ಕಿನ ಬೋಲ್ಟಿನ ಸಣ್ಣ ದೋಷಗಳು ಇದರಿಂದ ತಕ್ಕಮಟ್ಟಿಗೆ ನೇರ್ಪಡುತ್ತವೆ. ಉದ್ದದ ಬೋಲ್ಟನ್ನು ಕತ್ತರಿಸುವವರೂ ಇದೇ ನೀತಿಯನ್ನು ನೆನಪಿಡಬೇಕು: ಮೊದಲು ನಟ್ಟನ್ನು ಏರಿಸಿ, ಆಮೇಲೆ ತುದಿಯನ್ನು ಗರಗಸದಿಂದ ಕತ್ತರಿಸಿ, ನಟ್ಟನ್ನು ಹೊರಕ್ಕೆ ತಿರುಗಿಸಿದರೆ ಕತ್ತರಿಸಿದ ಅಂಚು ತಾನಾಗಿ ಸರಿಹೋಗುತ್ತದೆ.

ಅತಿಯಾಗಿ ಬಿಗಿದುದರಿಂದ ಬೋಲ್ಟೇ ಎಳೆದುಕೊಂಡಿರುವುದು ಮೂರನೆಯದು. ನಡುವಿನಲ್ಲಿ ಸೊಂಟದಂತೆ ಸಣ್ಣಗಾಗಿರುತ್ತದೆ. ಗೇಜನ್ನಿಟ್ಟರೆ ಕೆಲವು ಹಲ್ಲು ಕೂರುತ್ತವೆ, ಕೆಲವು ಕೂರವು. ಇದಕ್ಕೆ ಚಿಕಿತ್ಸೆ ಇಲ್ಲ. ಡೈ ಹಾಯಿಸಿದರೆ ನಟ್ಟು ಏರಬಹುದು. ಆದರೆ ಲೋಹದ ಕಸುವು ಆಗಲೇ ಹೋಗಿದೆ.

ಡೈನಟ್ಟನ್ನು ತಿರುಗಿಸುವಾಗ ಹೊರಬೀಳುವ ಚೂರನ್ನು ನೋಡುತ್ತಿರಬೇಕು. ಕೆಂಪನೆಯ ತುಕ್ಕಿನ ಪುಡಿ ಬಿದ್ದರೆ ಒಳ್ಳೆಯದು, ಅದು ಶುದ್ಧಿಕಾರ್ಯ. ಹೊಳೆಯುವ ಹೊಸ ಉಕ್ಕಿನ ಸುರುಳಿ ಸುತ್ತುಸುತ್ತಿಗೂ ಬರತೊಡಗಿದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ಅದು ಜೀರ್ಣೋದ್ಧಾರವಲ್ಲ, ಇದ್ದ ಗೋಡೆಯನ್ನೇ ಕೆಡವುವುದು. ಹೀಗಾಗುವುದಕ್ಕೆ ಮುಖ್ಯ ಕಾರಣ ಪದ್ಧತಿಯ ಭೇದ. ಹಳೆಯ ಎಂಜಿನಿನ ಎಂಟರ ಮೂರು ಅಂಗುಲದ ವಿಟ್‌ವರ್ತ್ ಬೋಲ್ಟಿನ ವ್ಯಾಸ 9.5 ಮಿಲಿಮೀಟರು, ಕಣ್ಣಿಗೆ ಅದು ಎಂ 10ರಂತೆಯೇ ಕಾಣುತ್ತದೆ. ಆದರೆ ಅಂಗುಲಕ್ಕೆ 16 ಸುತ್ತಾದುದರಿಂದ ಅದರ ಪಿಚ್ಚು ಸುಮಾರು 1.59 ಮಿಲಿಮೀಟರು. ಒಂದು ಸುತ್ತಿಗೆ ವ್ಯತ್ಯಾಸ 0.09 ಮಾತ್ರ, ಹತ್ತು ಸುತ್ತಿಗೆ ಅದು ಅರ್ಧ ಪಿಚ್ಚನ್ನು ಮೀರುತ್ತದೆ. ಎಂದರೆ ಎಂ 10ರ ಡೈಯನ್ನು ಅದರ ಮೇಲೆ ಹಾಯಿಸಿದರೆ ಕುಳಿ ಇರಬೇಕಾದಲ್ಲಿ ಏಣು, ಏಣು ಇರಬೇಕಾದಲ್ಲಿ ಕುಳಿ ಬರುವಷ್ಟು ಅನರ್ಥವಾಗುತ್ತದೆ. ಬಾಲ್ಟಿಮೋರಿನ ಕಥೆ ನಮ್ಮ ತೋಟದ ಪಂಪುಮನೆಯಲ್ಲಿಯೂ ನಡೆಯಬಹುದೆಂದು ಹೇಳಿದುದು ಇದಕ್ಕಾಗಿಯೇ. ಅಳೆಯದೆ ಡೈ ಹಿಡಿಯಬಾರದು.

ಯಾವುದನ್ನು ತಿದ್ದಬಾರದು

ಇನ್ನು ಸೋದರಿಯವರ ಪ್ರಶ್ನೆಗೆ ಬರೋಣ. ಪೇಟೆಯಲ್ಲಿ ಸಿಗುವ ಬೋಲ್ಟುಗಳ ಸುತ್ತುಗಳು ಬಹುಮಟ್ಟಿಗೆ ಕೊರೆದವಲ್ಲ. ಗಡಸು ಅಚ್ಚುಗಳ ನಡುವೆ ಸಲಾಕೆಯನ್ನು ಒತ್ತಿ ಉರುಳಿಸಿ ಎಬ್ಬಿಸಿದವು. ಹಾಗೆ ಮಾಡಿದಾಗ ಉಕ್ಕಿನ ಎಳೆಗಳು ಕಡಿಯದೆ ಏಣು ಕುಳಿಗಳ ಅಂದಕ್ಕೆ ಬಾಗಿ ಹರಿಯುತ್ತವೆ. ಕುಳಿಯ ತಳವು ಒತ್ತಡದಿಂದ ಗಟ್ಟಿಯಾಗಿರುತ್ತದೆ. ಡೈಯಿಂದ ಹೊಸದಾಗಿ ಲೋಹವನ್ನು ಕತ್ತರಿಸಿದಾಗ ಆ ಎಳೆಗಳು ತುಂಡಾಗುತ್ತವೆ. ಒಂದೇ ಸಮನಾದ ಭಾರವನ್ನು ಹೊರುವ ಬೋಲ್ಟಿಗೆ ಇದರಿಂದ ಅಷ್ಟು ಬಾಧಕವಿಲ್ಲದಿರಬಹುದು. ಆದರೆ ತೂಗುಮಣೆಯ ಬೋಲ್ಟು ಹೊರುವ ಭಾರ ಒಂದೇ ಸಮನಲ್ಲ. ಮಣೆಯು ಹೋಗಿ ಬರುವಾಗಲೆಲ್ಲ ಎಳೆತವು ಏರಿಳಿಯುತ್ತದೆ. ಹಬ್ಬದ ಒಂದು ದಿನದಲ್ಲಿಯೇ ಸಾವಿರಾರು ಸಲ. ಹೀಗೆ ಮರಳಿಮರಳಿ ಎಳೆಸಿಕೊಂಡ ಉಕ್ಕು ಒಂದೇ ಪೆಟ್ಟಿಗೆ ಮುರಿಯುವಷ್ಟು ಭಾರವಿಲ್ಲದಿದ್ದರೂ ದಣಿದು ಕುಳಿಯ ತಳದಲ್ಲಿ ಬಿರುಕು ಬಿಡುತ್ತದೆ. ಬಿರುಕು ಒಳಗೊಳಗೇ ಬೆಳೆದು, ಯಾವ ಮುನ್ಸೂಚನೆಯನ್ನೂ ಕೊಡದೆ ಒಂದು ದಿನ ಬೋಲ್ಟು ಎರಡು ತುಂಡಾಗುತ್ತದೆ. ಆ ದಿನ ಮಣೆಯ ಮೇಲೆ ಕುಳಿತವರು ಮಕ್ಕಳೇ ಆಗಿರಬಹುದು.

ಆದುದರಿಂದ ಉತ್ತರ ಸ್ಪಷ್ಟ: ತೂಗುಮಣೆಯ ಬೋಲ್ಟನ್ನು ತಿದ್ದಿಸಬೇಡಿ, ಹೊಸದನ್ನೇ ಹಾಕಿಸಿ, ಕೆಟ್ಟದ್ದೊಂದನ್ನೇ ಅಲ್ಲ, ಅದರ ಜೊತೆಯವುಗಳನ್ನೂ ಬದಲಾಯಿಸಿ, ಏಕೆಂದರೆ ಅವೂ ಅಷ್ಟೇ ದಿನ ದುಡಿದಿವೆ. ತಲೆಯ ಮೇಲೆ 8.8 ಎಂದು ಒತ್ತಿರುವ ಬೋಲ್ಟನ್ನು ಕೇಳಿ. ಅದರ ಮೊದಲ ಅಂಕೆಯು ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ತಡೆಯುವ ಉಕ್ಕೆಂದೂ, ಎರಡನೆಯದು ಅದರ ಹತ್ತರಲ್ಲಿ ಎಂಟು ಭಾಗದವರೆಗೆ ಶಾಶ್ವತವಾಗಿ ಹಿಗ್ಗದೆಂದೂ ಹೇಳುತ್ತದೆ. ಕೊಂಡಿಯು ತಾಗಿ ಉಜ್ಜುವ ಜಾಗದಲ್ಲಿ ಬೋಲ್ಟಿನ ನುಣುಪಾದ ಭಾಗ ಬರುವಂತೆ ಉದ್ದವನ್ನು ಆರಿಸಿ. ಸುತ್ತುಗಳ ಮೇಲೆ ಕೊಂಡಿ ಕುಳಿತರೆ ಅವು ಗರಗಸದಂತೆ ಒಂದನ್ನೊಂದು ತಿನ್ನುತ್ತವೆ. ನಟ್ಟಿನ ಹಿಂದೆ ಇನ್ನೊಂದು ನಟ್ಟನ್ನಾಗಲಿ ಸೀಳುಪಿನ್ನನ್ನಾಗಲಿ ಹಾಕಿಸಿ. ಈ ಎಲ್ಲದರ ಖರ್ಚು ಒಂದು ದಿನದ ಕೂಲಿಗಿಂತ ಕಡಿಮೆ. ಮೇಸ್ತ್ರಿಗಳಿಬ್ಬರಲ್ಲಿ ಎರಡನೆಯವರ ಮಾತೇ ಸರಿ. ಮೊದಲನೆಯವರ ಕೈಚಳಕವನ್ನು ಬಾಗಿಲಿನ ಚಿಲಕ, ಮೇಜಿನ ಕಾಲು, ಪಂಪುಮನೆಯ ಮುಚ್ಚಳ ಮುಂತಾದುವಕ್ಕೆ ಧಾರಾಳವಾಗಿ ಉಪಯೋಗಿಸಿಕೊಳ್ಳಬಹುದು.

ಇದೇ ನಿಯಮವನ್ನು ತಲೆಯ ಮೇಲಿನ ಫ್ಯಾನು, ಏಣಿ, ವಾಹನದ ಚಕ್ರ ಮತ್ತು ಬ್ರೇಕು, ಮೇಲೆ ಕೂರಿಸಿದ ನೀರಿನ ತೊಟ್ಟಿಯ ಕಾಲುಗಳು ಇವುಗಳಿಗೂ ಅನ್ವಯಿಸಿಕೊಳ್ಳಿ. ಬೋಲ್ಟು ಮುರಿದರೆ ಕೆಲಸ ಮಾತ್ರ ನಿಲ್ಲುವುದಾದರೆ ತಿದ್ದಬಹುದು. ಮನುಷ್ಯನಿಗೆ ಅಪಾಯವಾಗುವುದಾದರೆ ತಿದ್ದಬಾರದು. ಇನ್ನೊಂದು ಎಚ್ಚರಿಕೆ: ಕರಾವಳಿಯಲ್ಲಿ ಬಳಸುವ ಸತುವಿನ ಲೇಪವುಳ್ಳ ಬೋಲ್ಟುಗಳ ಮೇಲೆ ಡೈ ಹಾಯಿಸಿದರೆ ಲೇಪ ಕಿತ್ತುಹೋಗಿ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿಯುತ್ತದೆ. ದಪ್ಪ ಲೇಪದ ಬೋಲ್ಟಿಗೆ ಒಳಸುತ್ತನ್ನು ತುಸು ಸಡಿಲವಾಗಿ ಕೊರೆದ ನಟ್ಟೇ ಬೇರೆ ಉಂಟು. ಅದನ್ನೇ ಕೇಳಿ ತರಬೇಕು.

ಕೊನೆಯ ಮಾತು

ಮನೆಯಲ್ಲಿ ಡೈಗಳ ದೊಡ್ಡ ಪೆಟ್ಟಿಗೆಯನ್ನೇ ಇಡಬೇಕೆಂದು ನನ್ನ ಅಭಿಪ್ರಾಯವಲ್ಲ. ಒಂದು ಪಿಚ್ಚಿನ ಗೇಜು, ಒಂದು ತಿರುಪಿನ ಅರ, ಒಂದು ತಂತಿಯ ಬ್ರಷ್ಷು, ಒಂದು ಎಣ್ಣೆಯ ಡಬ್ಬಿ ಇವಿಷ್ಟಿದ್ದರೆ ಸಾಮಾನ್ಯ ಗೃಹಸ್ಥನಿಗೆ ಸಾಕು. ತೋಟವೂ ಯಂತ್ರಗಳೂ ಇದ್ದವರು ಎಂ 8, ಎಂ 10, ಎಂ 12ರ ಡೈನಟ್ಟುಗಳನ್ನು ಇಟ್ಟುಕೊಳ್ಳಬಹುದು. ಬಳಸಿದ ಮೇಲೆ ಚೂರುಗಳನ್ನು ಬ್ರಷ್ಷಿನಿಂದ ತೆಗೆದು, ಎಣ್ಣೆಯ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದರ ಮೇಲೊಂದು ಬಿದ್ದು ಬಾಯಿ ಮೊಂಡಾಗದಂತೆ ಬೇರೆಬೇರೆಯಾಗಿರಬೇಕು. ಚೂರನ್ನು ಎಂದಿಗೂ ಬರಿಗೈಯಿಂದ ಒರೆಸಬೇಡಿ. ಅದು ಸೂಜಿಗಿಂತ ಹರಿತ.

ಎಲ್ಲಕ್ಕಿಂತಲೂ ಮಿಗಿಲಾದುದು ಕೆಡದಂತೆ ನೋಡಿಕೊಳ್ಳುವುದು. ಯಾವ ನಟ್ಟನ್ನೇ ಆಗಲಿ ಮೊದಲ ಮೂರು ಸುತ್ತು ಸ್ಪ್ಯಾನರಿಲ್ಲದೆ ಬೆರಳಿನಿಂದಲೇ ತಿರುಗಿಸಬೇಕು. ಏರಿಸುವುದಕ್ಕೆ ಮೊದಲು ಒಂದು ಸಲ ಹಿಂದಕ್ಕೆ ತಿರುಗಿಸಿದರೆ ಏಣು ಕುಳಿಗೆ ಬಿದ್ದುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಅದು ಓರೆಹೋಗದು. ಹತ್ತು ವರುಷದ ಮಗುವೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲದು. ಕಲಿಸಿದರೆ ಮೇಲೆ ಹೇಳಿದ ಉಪಕರಣಗಳ ಅವಶ್ಯಕತೆಯೇ ಆ ಮನೆಯಲ್ಲಿ ಅಪರೂಪವಾಗುತ್ತದೆ.

ಬಚ್ಚಲುಮನೆಯ ನಲ್ಲಿಯ ತಿರುಪಿನ ವಿಷಯ ನಡುವೆ ಬಂದಿತಷ್ಟೆ. ಅದು ತೊಟ್ಟಿಕ್ಕುವ ಕಾರಣವನ್ನೂ ಪರಿಹಾರವನ್ನೂ ಮುಂದಿನ ತಿಂಗಳು ನೋಡೋಣ.